‘ಇಲ್ಲ’ ಎಂಬ ಮಾತಿಲ್ಲದ ಕುದ್ರು

ಕನ್ನಡವನ್ನು ಸರಿಯಾಗಿ ಓದಿ ಬರೆಯಲು ಕಲಿಯುವುದಕ್ಕೆ ಎಷ್ಟೋ ಮೊದಲು ನನಗೆ ಬೇರೊಂದು ಬರವಣಿಗೆ ಗೊತ್ತಿತ್ತು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಮೊನ್ನೆ ಮೊಮ್ಮಗಳು ಫೋನಿನಲ್ಲಿ ಒಂದು ಲೋಕ ಕಟ್ಟಿ ತಂದು ತೋರಿಸಿದಳು. ಅಲ್ಲಿ ರೆಕ್ಕೆ ಇರುವ ಕುದುರೆ ಉಂಟು, ನೀರಿನ ಅಡಿಯಲ್ಲಿ ಪೇಟೆ ಉಂಟು, ಅಲ್ಲಿಯ ಜನಕ್ಕೆ ಅವಳೇ ಮಾಡಿಟ್ಟ ಭಾಷೆ, ಅದಕ್ಕೊಂದು ಲಿಪಿ. ಪ್ರಪಂಚದಲ್ಲಿ ಯಾರೂ ಮಾಡದ್ದನ್ನು ಮಾಡಿದ ಹಾಗೆ ಕುಣಿಯುತ್ತಿದ್ದಳು. ನಾನು ನಕ್ಕದ್ದಕ್ಕೆ ಅವಳಿಗೆ ಸಿಟ್ಟು ಬಂತು. ನಿನ್ನ ಅಜ್ಜಿ ಎರಡನೇ ಕ್ಲಾಸು ಮುಗಿಸದವಳು, ಆದರೂ ಈ ಕೆಲಸ ನಿನಗಿಂತ ಮೊದಲು ಮಾಡಿದ್ದಾಳೆ ಅಂದೆ. ಹಾಗಾದರೆ ಬರೆದು ಕೊಡು ಅಂದಳು. ಬರೆಯುತ್ತಿದ್ದೇನೆ. ತಪ್ಪಿದ್ದರೆ ಅವಳೇ ತಿದ್ದಲಿ.

ನಮ್ಮದು ಹಂಗಾರಕಟ್ಟೆಯ ಹೊಳೆಬದಿಯ ಮನೆ. ಎದುರಿಗೆ ಒಂದು ಜಗಲಿ, ಒಳಗೆ ಒಂದು ಕೋಣೆ, ಅಡುಗೆಮನೆ, ಹಿಂದೆ ಬಚ್ಚಲುಮನೆ. ಮನೆಯಲ್ಲಿ ದೊಡ್ಡದು ಅಂತ ಇದ್ದದ್ದು ಬಚ್ಚಲುಮನೆಯೇ, ಯಾಕೆಂದರೆ ಕಟ್ಟಿಗೆಯೂ ಅಲ್ಲೇ ಇರಬೇಕಿತ್ತು. ಅಪ್ಪಯ್ಯ ದೋಣಿ ಕಟ್ಟುವ ಮೇಸ್ತ್ರಿ. ದೋಣಿಗೆ ಆಗದ ಹಲಗೆಯನ್ನು ಸೀಳಿ ಮನೆಗೆ ತರುತ್ತಿದ್ದರು. ನಮ್ಮ ಒಲೆಯಲ್ಲಿ ಉರಿದದ್ದೆಲ್ಲ ದೋಣಿಯಾಗದೆ ಉಳಿದ ಮರ. ಬಚ್ಚಲ ಒಲೆಯ ಮೇಲಿನ ಮಣ್ಣುಗೋಡೆ ಹೊಗೆ ಹಿಡಿದು ಹಿಡಿದು ಹಂಡೆಯ ಅಡಿಯಷ್ಟೇ ಕಪ್ಪಾಗಿತ್ತು. ಅಮ್ಮ ಅದನ್ನು ಕಂಡು ನಾಚಿಕೆ ಪಡುತ್ತಿದ್ದಳು. ನನಗೂ ಅಕ್ಕನಿಗೂ ಅದೇ ಸ್ಲೇಟು.

ನನ್ನನ್ನು ಶಾಲೆಯಿಂದ ಬಿಡಿಸಿದ್ದು ಎರಡನೇ ಕ್ಲಾಸಿನ ಮಧ್ಯದಲ್ಲಿ. ಸಣ್ಣ ತಮ್ಮ ಹುಟ್ಟಿದ ಮೇಲೆ ಅಮ್ಮನಿಗೆ ಏಳಲಿಕ್ಕೆ ಆಗುತ್ತಿರಲಿಲ್ಲ, ಒಲೆ ನೋಡಿಕೊಳ್ಳಲು ಒಬ್ಬಳು ಬೇಕಿತ್ತು. ನ್ಯಾಯವಾಗಿ ಅಕ್ಕ ಬಿಡಬೇಕು, ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು. ಆದರೆ ಸುಶೀಲಕ್ಕ ಒಂದೇ ವಾರದಲ್ಲಿ ಮೂರು ಸಲ ಗಂಜಿ ಸೀಯಿಸಿದಳು. ನಾನು ಸೀಯಿಸಲಿಲ್ಲ. ಉಪ್ಪು ಸರಿ ಹಾಕಿದೆ, ನೀರು ಸರಿ ಇಟ್ಟೆ, ಒಣಸಿಗಡಿ ಚಟ್ನಿಯನ್ನು ನೆರೆಯ ಮೂಡುಮನೆ ಅತ್ತೆಯೂ ಹೊಗಳಿದರು. ಕೆಲಸ ಚೆನ್ನಾಗಿ ಮಾಡಿದ್ದೇ ನನ್ನ ತಪ್ಪು. ಅದನ್ನು ಆಮೇಲೆ ಬಾಳಿನಲ್ಲಿ ಇನ್ನೂ ಎರಡು ಮೂರು ಕಡೆ ಮಾಡಿದ್ದೇನೆ.

ಅಕ್ಕ ಶಾಲೆಗೆ ಹೋದಳು. ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ಓಡಿ ಬಂದು ನಾನು ಕಟ್ಟಿಟ್ಟ ಬುತ್ತಿ ಹಿಡಿದು ಅಪ್ಪಯ್ಯ ಇದ್ದ ದೋಣಿಕೊಟ್ಟಿಗೆಗೆ ಹೋಗುತ್ತಿದ್ದಳು. ಸಂಜೆ ಬಂದು ನನಗೆ ಅ ಆ ಇ ಈ ಮರೆಯದ ಹಾಗೆ ಹೇಳಿಕೊಡಲು ಕೂರುತ್ತಿದ್ದಳು. ನನಗೆ ಅವಳ ಮೇಲೆ ಇದ್ದ ಹೊಟ್ಟೆಕಿಚ್ಚು ಒಲೆಯ ಕಿಚ್ಚಿಗಿಂತ ಜೋರು. ಒಂದು ದಿನ ಅವಳ ಬಳಪ ಕಿತ್ತು ಬೂದಿಯಲ್ಲಿ ಹೂತೆ.

“ನಿನ್ ಶಾಲಿ ಅಕ್ಷರ ನಂಗ್ ಬ್ಯಾಡ. ನೀನೇ ಇಟ್ಕೊ.”

“ಮತ್ತೆಂತ ಬೇಕ್ ಜಲ್ಲು ನಿಂಗೆ?”

“ನಿನ್ ಮಾಸ್ಟ್ರಿಗೂ ಗೊತ್ತಿಲ್ದಿದ್ದ್ ಬೇಕ್.”

ಅಕ್ಕ ಅತ್ತುಕೊಂಡು ಹೋಗಿ ಅಮ್ಮನಿಗೆ ಹೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಕುಳಿತಲ್ಲೇ ಕುಳಿತು ಯೋಚನೆ ಮಾಡಿದಳು. ಮರುದಿನ ದೋಣಿಕೊಟ್ಟಿಗೆಯಿಂದ ಒಂದು ತುಕ್ಕು ಹಿಡಿದ ಮೊಳೆ ತಂದು ಬಚ್ಚಲ ಗೋಡೆಯ ಮಸಿಯ ಮೇಲೆ ಗೀರಿದಳು. ಮಸಿ ಹೋಗಿ ಒಳಗಿನ ಕೆಂಪು ಮಣ್ಣು ಕಂಡಿತು. ಒಂದು ಮೀನಿನ ಮುಳ್ಳು, ಒಂದು ಕಾಗೆಕಾಲು, ಒಂದು ಅರ್ಧಚಂದ್ರ.

ಅವೆಲ್ಲ ಅಪ್ಪಯ್ಯನ ಗುರುತುಗಳು. ಅಪ್ಪಯ್ಯನಿಗೆ ಓದು ಬರಹ ಇರಲಿಲ್ಲ, ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದರು. ಆದರೆ ದೋಣಿಯ ಒಂದೊಂದು ಹಲಗೆ ಎಲ್ಲಿ ಕೂರಬೇಕು, ಎಡಕ್ಕೋ ಬಲಕ್ಕೋ, ಮುಂದಕ್ಕೋ ಹಿಂದಕ್ಕೋ ಅಂತ ಬಾಚಿಯ ಮೂಲೆಯಿಂದ ಹಲಗೆಯ ಮೇಲೆ ಒಂದು ಗುರುತು ಕೆತ್ತುತ್ತಿದ್ದರು. ಆ ಗುರುತು ನೋಡಿಯೇ ಉಳಿದ ಆಳುಗಳು ಹಲಗೆ ಹೊತ್ತು ತರುತ್ತಿದ್ದದ್ದು. ಬುತ್ತಿ ಕೊಡಲು ಹೋದ ಅಕ್ಕ ಅಪ್ಪಯ್ಯ ಉಂಡು ಮುಗಿಸುವ ತನಕ ಸುಮ್ಮನೆ ಕೂತು ಅವನ್ನು ಕಂಡು ಕಲಿತಿದ್ದಳು. ನಾನು ಆ ಕೊಟ್ಟಿಗೆಗೆ ಕಾಲಿಟ್ಟವಳಲ್ಲ. ನನಗೆ ಸಿಕ್ಕಿದ ಅಕ್ಷರವೆಲ್ಲ ಅಕ್ಕನ ಕೈಯಿಂದಲೇ ಬಂದದ್ದು. ಕೊಟ್ಟಿಗೆಯಲ್ಲಿ ಅವು ಹಲಗೆಯ ಜಾಗ ಹೇಳುತ್ತಿದ್ದವು, ನಮ್ಮ ಗೋಡೆಯಲ್ಲಿ ಒಂದೊಂದೂ ಒಂದು ಮಾತಾಯಿತು.

ಅಕ್ಷರ ಆದಮೇಲೆ ಅದನ್ನು ಓದುವ ಜನ ಬೇಡವೆ? ಹಿತ್ತಲಿನಿಂದ ನೋಡಿದರೆ ಹೊಳೆಯ ನಡುವೆ ಒಂದು ಸಣ್ಣ ನಡುಗಡ್ಡೆ, ನಮ್ಮ ಮಾತಿನಲ್ಲಿ ಕುದ್ರು, ಕಾಣುತ್ತಿತ್ತು. ಅಲ್ಲಿ ಮನೆ ಇಲ್ಲ, ತೆಂಗು ಇಲ್ಲ, ಮುಳ್ಳುಪೊದೆ ಮತ್ತು ಕೊಕ್ಕರೆ ಮಾತ್ರ. ಅದನ್ನು ನಮ್ಮ ಊರು ಮಾಡಿದೆವು. ಆ ಊರಿಗೆ ಕೊಕ್ಕರೆಯೇ ಶ್ಯಾನುಭೋಗ. ಅಲ್ಲಿಯ ಒಂದೊಂದು ಮನೆಯ ಎದುರಿಗೂ ಒಂದೊಂದು ಅನ್ನದ ಗುಡ್ಡ, ಬೇಕಾದಷ್ಟು ಕೆರೆದು ತಿನ್ನಬಹುದು, ಬೆಳಗಾಗುವಾಗ ಮತ್ತೆ ಬೆಳೆದಿರುತ್ತದೆ. ಅಲ್ಲಿಯ ದೋಣಿಗೆ ಹುಟ್ಟು ಹಾಕುವವರು ಬೇಡ, ಕರೆದರೆ ತಾನೇ ಬರುತ್ತದೆ. ಅನ್ನದ ಗುಡ್ಡಕ್ಕೆ ‘ಬೊದಬೊ’ ಅಂತ ಹೆಸರಿಟ್ಟವಳು ನಾನು, ಗಂಜಿ ಕುದಿಯುವ ಸದ್ದು ಅದು. ದೋಣಿಗೆ ‘ಸೊಂಯಿ’. ‘ಬಾ’ ಅನ್ನಲಿಕ್ಕೆ ‘ಇಕೊ’. ಹೀಗೆ ಒಂದೆರಡು ಮಳೆಗಾಲ ಕಳೆಯುವಾಗ ನೂರಕ್ಕೆ ಮೇಲೆ ಮಾತು ಸೇರಿದ್ದವು. ಬಚ್ಚಲ ಹೊಗೆ ಎಲ್ಲವನ್ನೂ ಮುಚ್ಚುತ್ತಿತ್ತು, ನಾವು ಮತ್ತೆ ಗೀರುತ್ತಿದ್ದೆವು. ಹಾಗೆ ಗೀರಿ ಗೀರಿಯೇ ನನ್ನ ತಲೆಯಲ್ಲಿ ಕೂತದ್ದು. ಅಡುಗೆಮನೆಯಲ್ಲಿ ನಾವು ಆ ಭಾಷೆಯಲ್ಲಿ ಮಾತಾಡಿದರೆ ಅಮ್ಮ ಮಲಗಿದಲ್ಲಿಂದಲೇ ಬೈಯುತ್ತಿದ್ದಳು.

“ಎಂತ ಮರ್ಲ್ ಮಕ್ಳೇ ನಿಮ್ಗೆ? ಕೋಳಿ ಹಾಂಗೆ ಎಂತ ಅದ್ ಕೊಕ್ಕೊಕ್ಕೊ? ಯಾರಾರೂ ಕೇಂಡ್ರೆ ಹೆಣ್ಣ್ ಕೇಂಬುಕ್ ಬಪ್ಪುದಿಲ್ಲೆ!”

ಒಂದು ವಿಷಯಕ್ಕೆ ಮಾತ್ರ ನಾನೂ ಅಕ್ಕನೂ ದೊಡ್ಡ ಜಗಳ ಆಡಿದ್ದೇವೆ. ಆ ದಿನ ಮೂಡುಮನೆಯಲ್ಲಿ ಹೊಸ್ತಿನ ಊಟ, ಹೊಸ ಅಕ್ಕಿಯ ಪಾಯಸ. ಹೋಗಲಾ ಅಂತ ಕೇಳಿದೆ, ಅಮ್ಮ ‘ಇಲ್ಲೆ’ ಅಂದಳು. ಅಕ್ಕನ ಹಳೇ ಲಂಗ ಕೇಳಿದೆ, ಅದೂ ಇಲ್ಲೆ. ಒಂದು ತುಂಡು ಬೆಲ್ಲ ಕೇಳಿದೆ. ಇಲ್ಲೆ. ಅಮ್ಮ ಕೆಟ್ಟವಳಲ್ಲ, ಇರಲಿಲ್ಲ ಅದಕ್ಕೆ ಇಲ್ಲೆ ಅಂದಳು. ಈಗ ಗೊತ್ತಾಗುತ್ತದೆ. ಆಗ ನಾನು ಬಚ್ಚಲಿಗೆ ಹೋಗಿ ಮೊಳೆ ಹಿಡಿದು ಅಕ್ಕನಿಗೆ ಹೇಳಿದೆ.

“ನಮ್ ಕುದ್ರಂಗೆ ‘ಇಲ್ಲೆ’ ಅಂಬು ಮಾತೇ ಬ್ಯಾಡ.”

“ಅದ್ ಹ್ಯಾಂಗ್ ಆತ್ತ್ ಮಾರಾಯ್ತಿ? ಇಲ್ಲೆ ಅಂಬುದ್ ಇಲ್ದೆ ಭಾಷಿ ನಡಿತಿಲ್ಲೆ.”

“ನಡಿಲಿ, ಬಿಡ್ಲಿ. ಎಲ್ಲ ಇಪ್ಪು ಊರಂಗೆ ಅದ್ ಎಂತಕೆ?”

“ಯಾರಿಗಾರೂ ಅನ್ನ ಸಾಕಾರೆ? ಬ್ಯಾಡ ಅನ್ಕಲ್ದಾ?”

“ಸಾಕಾತ್ತಿಲ್ಲೆ. ಅಲ್ಲಿಯವ್ರಿಗ್ ಸಾಕಾತ್ತೇ ಇಲ್ಲೆ!”

ಅಕ್ಕ ನಕ್ಕು ಬಿಟ್ಟುಕೊಟ್ಟಳು. ಇಲ್ಲ, ಬೇಡ, ಸಾಕು, ಹಸಿವು, ಯಾವುದಕ್ಕೂ ಅಲ್ಲಿ ಮಾತಿಲ್ಲ ಅಂತ ಆಯಿತು. ಹಟ ನನ್ನದು. ಇದನ್ನು ನೆನಪಿಟ್ಟುಕೊಳ್ಳಿ.

ಅಕ್ಕನಿಗೆ ಹದಿನೇಳಕ್ಕೆ ಮದುವೆ ಆಯಿತು, ಉಪ್ಪುಂದದ ಕಡೆಗೆ. ಗಂಡ ಬೊಂಬಾಯಿ ಹೋಟೆಲಿನಲ್ಲಿ ಕೆಲಸಕ್ಕಿದ್ದವ, ಮದುವೆಯಾಗಿ ತಿಂಗಳಾಗುವ ಮೊದಲೇ ವಾಪಸು ಹೋದ. ಮನೆಯಲ್ಲಿ ಅತ್ತೆ, ಮಾವ, ಇಬ್ಬರು ಭಾವಂದಿರು, ಅವರ ಹೆಂಡಿರು ಮಕ್ಕಳು. ಹೊರಡುವಾಗ ಅಕ್ಕ ಎಲ್ಲರ ಕಾಲಿಗೆ ಬಿದ್ದು ಕೊನೆಗೆ ನನ್ನ ಹತ್ತಿರ ಬಂದು ಕಿವಿಯಲ್ಲಿ ಕುದ್ರಿನ ಮಾತಿನಲ್ಲಿ ಏನೋ ಹೇಳಿದಳು. ವಾದ್ಯದ ಗಲಾಟೆಯಲ್ಲಿ ನನಗೆ ಕೇಳಲಿಲ್ಲ. ಕೇಳಿದೆ ಅನ್ನುವ ಹಾಗೆ ತಲೆ ಆಡಿಸಿದೆ.

ಆಸಾಡಿಗೆ ಹೊಸ ಮದುಮಗಳು ತವರಿಗೆ ಬರುವುದು ನಮ್ಮ ಕಡೆಯ ಕ್ರಮ. ಅಕ್ಕನನ್ನು ಕಳಿಸಲಿಲ್ಲ. ಗದ್ದೆಯಲ್ಲಿ ನೆಟ್ಟಿ ಮುಗಿದಿಲ್ಲ, ಆಳಿಲ್ಲ ಅಂತ ಹೇಳಿಕಳಿಸಿದರು. ಅಮ್ಮ ಎರಡು ದಿನ ಬೈದು ಸುಮ್ಮನಾದಳು. ಅಪ್ಪಯ್ಯ ಆಗ ಗಂಗೊಳ್ಳಿಯಲ್ಲಿ ದೊಡ್ಡ ದೋಣಿಯೊಂದರ ಕೆಲಸ ಹಿಡಿದಿದ್ದರು, ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. ಆಸಾಡಿ ಕಳೆದು ಸೋಣೆ ತಿಂಗಳಲ್ಲಿ ಅಕ್ಕನ ಕಾರ್ಡು ಬಂತು. ನಮ್ಮ ಮನೆಗೆ ಬಂದ ಮೊದಲ ಕಾಗದ ಅದು. ಪೋಸ್ಟಿನವರು ಕೊಡೆ ಮಡಚಿ ಜಗಲಿಯಲ್ಲಿ ಕೂತು ತಾವೇ ಓದಿ ಹೇಳಿದರು. ನಾನು ಕ್ಷೇಮ, ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ, ಮಾವನವರು ಅತ್ತೆಯವರು ನಿಮ್ಮನ್ನು ಕೇಳಿದ್ದಾರೆ. ಅಷ್ಟೇ. ಆ ಮನೆಯಿಂದ ಹೊರಗೆ ಹೋಗುವ ಕಾಗದವನ್ನೆಲ್ಲ ಮಾವನೇ ಓದಿ ಡಬ್ಬಿಗೆ ಹಾಕುವುದು, ಅದು ನಮಗೆ ಆಮೇಲೆ ತಿಳಿದದ್ದು. ಆದರೆ ಕಾರ್ಡಿನ ಸುತ್ತ ಅಂಚಿನಲ್ಲಿ ರಂಗೋಲಿ ಎಳೆದ ಹಾಗೆ ಗೀಟುಗಳಿದ್ದವು.

“ಚಂದ ಚಿತ್ರ ಬಿಡ್ಸಿದ್ಲ್ ನಿಮ್ ಹೆಣ್ಣ್,” ಅಂದರು ಪೋಸ್ಟಿನವರು.

“ಅದ್ ಚಿತ್ರ ಅಲ್ಲ,” ಅಂದೆ ನಾನು. “ಅದನ್ನ್ ನಾ ಓದ್ತೆ.”

ಎಲ್ಲರೂ ನನ್ನ ಕಡೆ ತಿರುಗಿದರು. ಅಮ್ಮ, ಪೋಸ್ಟಿನವರು, ಅಕ್ಕಿ ಆರಿಸುತ್ತಾ ಇದ್ದ ಮೂಡುಮನೆ ಅತ್ತೆ. ಒಲೆ ಮುಂದಿನವಳ ಬಾಯಿಯನ್ನು ಅಷ್ಟು ಜನ ಕಾದು ನೋಡಿದ್ದು ಅದೇ ಮೊದಲು. ಕಾರ್ಡನ್ನು ಕೈಯಲ್ಲಿ ಹಿಡಿದು ಶಾಲೆಯ ಮಾಸ್ಟ್ರ ಹಾಗೆ ಕೆಮ್ಮಿದೆ. ಅಂಚಿನಲ್ಲಿ ಇದ್ದದ್ದು ಮೂರು ಮಾತು, ಅವನ್ನೇ ತಿರುಗಿ ತಿರುಗಿ ಸುತ್ತಲೂ ಬರೆದಿದ್ದಳು. ಅನ್ನದ ಗುಡ್ಡ. ದೋಣಿ. ಬಾ. ಅನ್ನದ ಗುಡ್ಡದ ಮೇಲೆ ಪ್ರತಿ ಸಲವೂ ಇನ್ನೊಂದು ಗುರುತು ಇತ್ತು. ಒಂದು ಉದ್ದ ಗೀಟು ನಡುವೆ ಮುರಿದು ಎರಡಾದದ್ದು, ಅಡಿಯಲ್ಲಿ ಒಂದು ಚುಕ್ಕೆ. ಹುಟ್ಟು ಮುರಿದರೆ ಹೇಗೆ ಕಾಣುತ್ತದೋ ಹಾಗೆ. ನಮ್ಮ ಗೋಡೆಯ ಮೇಲೆ ಅದು ಇರಲಿಲ್ಲ. ನನಗೆ ಅದು ಗೊತ್ತಿರಲಿಲ್ಲ.

“ಅವ್ಳ್ ಮನಿಯಂಗೆ ಅನ್ನದ್ ಗುಡ್ಡವೇ ಇತ್ತಂಬ್ರ್. ದೋಣಿ ಹತ್ತಿ ಬನಿ ಅಂದಿದ್ಲ್.”

“ಆ ಮೇಲಿಪ್ಪುದ್ ಎಂತ ಹೆಣ್ಣೆ?” ಅಂತ ಮೂಡುಮನೆ ಅತ್ತೆ ಬೆರಳಿಟ್ಟು ಕೇಳಿದರು. ಅವರ ಕಣ್ಣು ಯಾವತ್ತೂ ಚುರುಕು.

ಗೊತ್ತಿಲ್ಲ ಅನ್ನಬೇಕಿತ್ತು. ಇಷ್ಟು ಜನರ ಎದುರು ಹೇಗೆ ಅನ್ನುವುದು?

“ಅದ್ ಹೂಗ್. ಚಂದಕ್ ಬಿಡ್ಸದ್ದ್,” ಅಂದೆ.

ಅಮ್ಮನ ಮುಖ ಅಷ್ಟು ಅಗಲ ಆದದ್ದನ್ನು ನಾನು ನೋಡಿರಲಿಲ್ಲ. ಹೊಸ್ತು ಮುಗಿಸಿ ಎಲ್ಲರೂ ಹೋಗಿ ಬರುವ ಅಂದಳು. ಬಾವಿಕಟ್ಟೆಯಲ್ಲಿ ಸಿಕ್ಕಿದವರಿಗೆಲ್ಲ ಮಗಳ ಮನೆಯ ಅನ್ನದ ಗುಡ್ಡದ ಸುದ್ದಿ ಹೇಳಿದಳು. ಕಾರ್ಡನ್ನು ದೇವರ ಪಟದ ಹಿಂದೆ ಸಿಕ್ಕಿಸಿದಳು. ಕಟ್ಟಿಗೆ ಒಟ್ಟುವಾಗ ಆ ಮುರಿದ ಗೀಟನ್ನು ಎಲ್ಲೋ ಕಂಡಿದ್ದೇನೆ ಅಂತ ನನಗೆ ಎರಡು ಮೂರು ಸಲ ಅನಿಸಿತು. ಅನಿಸಿದ್ದನ್ನು ಒಲೆಗೆ ಹಾಕಿದೆ. ಹೀಗೆ ಹನ್ನೆರಡು ದಿನ.

ಹನ್ನೆರಡನೇ ದಿನ ಮಧ್ಯಾಹ್ನ ಅಪ್ಪಯ್ಯ ಬಂದರು. ಗಂಜಿಗೆ ಕೂರುವ ಮೊದಲು ಅಮ್ಮ ಕಾರ್ಡು ತೆಗೆದು ಅವರ ಕೈಗೆ ಕೊಟ್ಟಳು. ಅಪ್ಪಯ್ಯ ಅದನ್ನು ಹಲಗೆ ನೋಡಿದ ಹಾಗೆ ನೋಡಿದರು, ಓರೆ ಹಿಡಿದು, ಬೆಳಕಿಗೆ ಹಿಡಿದು. ಆಮೇಲೆ ಹೆಬ್ಬೆಟ್ಟನ್ನು ಒಂದು ಕಡೆ ಇಟ್ಟರು.

“ಇದ್ ಎಂತ?”

“ಹೂಗ್ ಅಂಬ್ರ್. ಜಲ್ಲು ಓದಿ ಹೇಳ್ತ್,” ಅಂದಳು ಅಮ್ಮ.

“ಹೂಗಲ್ಲ. ಇದ್ ನನ್ ಗುರ್ತ್. ಹುಳ ಹಿಡ್ದ್ ಹಲ್ಗಿಗೆ ಹಾಕುದ್. ಇದ್ ಆಪ್ಪುದಲ್ಲ, ತೆಗೀರಿ ಅಂದೇಳಿ.” ನನ್ನ ಕಡೆ ತಿರುಗಿದರು. “ಎಂತದ್ರ್ ಮೇಲ್ ಹಾಕಿದ್ಲ್ ಮಗಾ ಇದನ್ನ?”

ನಾನು ಕಾರ್ಡಿನ ಅಂಚಿಗೆ ಬೆರಳು ತೋರಿಸಿದೆ.

“ಅನ್ನದ್ ಮೇಲೆ.”

 ಕೈ ತೊಳೆದಿದ್ದ ಅಪ್ಪಯ್ಯ ತಟ್ಟೆಗೆ ಕೈ ಹಾಕದೆ ಎದ್ದರು. ಕೊಡೆ ತೆಗೆದುಕೊಂಡು ಸಾಸ್ತಾನಕ್ಕೆ ನಡೆದೇ ಹೋಗಿ ಉಪ್ಪುಂದದ ಬಸ್ಸು ಹಿಡಿದರು. ನಾನು ಬಚ್ಚಲಿಗೆ ಹೋಗಿ ಕಟ್ಟಿಗೆ ರಾಶಿಯನ್ನು ಬುಡಮೇಲು ಮಾಡಿದೆ. ಒಂದು ಸೀಳಿನ ಮೇಲೆ ಗೀಟಿನ ಅರ್ಧ, ಇನ್ನೊಂದರ ಮೇಲೆ ಚುಕ್ಕೆ, ಮತ್ತೊಂದರ ಮೇಲೆ ಮುರಿದ ಜಾಗ. ಮನೆಗೆ ಬರುತ್ತಿದ್ದದ್ದೇ ಬೇಡದ ಹಲಗೆ. ನಾನು ಐದಾರು ವರ್ಷ ಪ್ರತಿದಿನ ಅದೇ ಅಕ್ಷರವನ್ನು ತುಂಡು ತುಂಡಾಗಿ ಒಲೆಗೆ ಹಾಕಿ ಗಂಜಿ ಬೇಯಿಸಿದ್ದೆ.

ಮರುದಿನ ಮಧ್ಯಾಹ್ನ ಅಕ್ಕನನ್ನು ಕರೆದುಕೊಂಡು ಬಂದರು. ಅಪ್ಪಯ್ಯ ಅಲ್ಲಿ ಜಗಳ ಆಡಲಿಲ್ಲವಂತೆ. ಇವಳ ಅಮ್ಮನಿಗೆ ಹುಷಾರಿಲ್ಲ, ನಾಲ್ಕು ದಿನ ಬೇಕು ಅಂದರಂತೆ. ಅದನ್ನು ಕೇಳಿ ಅಮ್ಮನಿಗೆ ಅಳುವಿನ ನಡುವೆಯೂ ಸಿಟ್ಟು ಬಂತು.

“ನಂಗ್ ಹುಷಾರ್ ಇಲ್ದಿದ್ದತಿಗ್ ಒಂದ್ ದಿನ ಮನಿಯಂಗ್ ಕೂತವ್ರಲ್ಲ. ಈಗ ಗಟ್ಟಿ ಇಪ್ಪತಿಗ್ ಕಾಯ್ಲಿ ಹಚ್ಚದ್ರಲೆ!”

ಅಕ್ಕನ ರವಿಕೆಯ ತೋಳಿನಲ್ಲಿ ಇನ್ನೊಂದು ತೋಳು ಹೋಗುವಷ್ಟು ಜಾಗ ಇತ್ತು. ಹೊಡೆದವರು ಯಾರೂ ಇಲ್ಲ. ಆ ಮನೆಯಲ್ಲಿ ಅಕ್ಕಿಯ ಪೆಟ್ಟಿಗೆಗೆ ಬೀಗ, ಕೀಲಿ ಅತ್ತೆಯ ಸೊಂಟದಲ್ಲಿ. ಗಂಡಸರು ಉಂಡು, ಮಕ್ಕಳು ಉಂಡು, ದೊಡ್ಡ ಸೊಸೆಯರು ಉಂಡು ಕೊನೆಗೆ ಹೊಸಬಳು. ಕೊನೆಗೆ ಪಾತ್ರೆಯಲ್ಲಿ ತಿಳಿ ಮಾತ್ರ. ಆ ಅತ್ತೆಯನ್ನು ನಾನು ಆಮೇಲೆ ನೋಡಿದ್ದೇನೆ. ಅವಳೂ ಕಡ್ಡಿಯೇ. ಅವಳಿಗೂ ಮೊದಲು ಹಾಗೇ ಆಗಿತ್ತು, ಅದೇ ಕ್ರಮ ಅಂತ ಅವಳು ನಂಬಿದ್ದಳು. ಅವಳನ್ನು ಬೈಯಲು ನನಗೆ ಈಗ ಬಾಯಿ ಬರುವುದಿಲ್ಲ. ಅಕ್ಕನ ಗಂಡ ದೀಪಾವಳಿಗೆ ಬಂದವರು ಅಪ್ಪಯ್ಯನ ಎದುರು ತಲೆ ತಗ್ಗಿಸಿ ಕೂತು, ಅಕ್ಕನನ್ನು ಬೊಂಬಾಯಿಗೇ ಕರೆದುಕೊಂಡು ಹೋದರು. ಒಳ್ಳೆಯವರು. ಅಕ್ಕ ಇವತ್ತಿಗೂ ಅಲ್ಲೇ ಇದ್ದಾಳೆ. ಕಿವಿ ಪೂರ್ತಿ ಹೋಗಿದೆ. ವಿಡಿಯೋದಲ್ಲಿ ಮಾತಾಡುವಾಗ ಸೊಸೆ ಉಪ್ಪಿಟ್ಟು ತಂದಿಟ್ಟರೆ ಅವಳ ಬೆನ್ನ ಹಿಂದೆ ಗಾಳಿಯಲ್ಲಿ ಮುರಿದ ಹುಟ್ಟು ಬರೆದು ನನಗೆ ತೋರಿಸುತ್ತಾಳೆ.

ಆದರೆ ನಾನು ಹೇಳಬೇಕಾದದ್ದು ಅವಳು ಮನೆಗೆ ಬಂದ ಆ ದಿನದ್ದು. ಅಮ್ಮ ಬಡಿಸಿದಳು, ಅಕ್ಕ ಉಂಡಳು. ತಲೆ ಎತ್ತಲಿಲ್ಲ. ಅನ್ನ, ಹುರುಳಿ ಸಾರು, ಮತ್ತೆ ಅನ್ನ, ಮತ್ತೆ ಸಾರು. ಮೂರನೇ ಸಲ ಬಡಿಸಿ ಅಮ್ಮ ಹಿತ್ತಲ ಬಾಗಿಲಿಗೆ ಹೋಗಿ ನಿಂತಳು, ನೋಡಲು ಆಗಲಿಲ್ಲ. ಉಂಡಾದ ಮೇಲೆ ಅಕ್ಕ ಬಚ್ಚಲಿಗೆ ಬಂದು ಒಲೆಯ ಎದುರಿನ ಕಲ್ಲಿನ ಮೇಲೆ ಕೂತಳು. ನಾನು ಹಂಡೆಗೆ ಬೆಂಕಿ ಹಾಕುತ್ತಿದ್ದೆ. ಗೋಡೆಯ ಮೇಲಿನ ನಮ್ಮ ಅಕ್ಷರವೆಲ್ಲ ಮಸಿ ಮುಚ್ಚಿ ಅರ್ಧ ಹೋಗಿತ್ತು. ಅವಳು ಮದುವೆಯಾಗಿ ಹೋದ ಮೇಲೆ ನಾನು ಗೀರಿರಲಿಲ್ಲ.

“ಅಕ್ಕ, ಕಾರ್ಡ್ ಬಂದ್ ಹನ್ನೆರ್ಡ್ ದಿನ ಸುಮ್ನೆ ಇತ್ತ್. ನಾ ಅದನ್ನ ಹೂಗ್ ಅಂದೆ. ಗೊತ್ತಿಲ್ಲೆ ಅಂಬುಕ್ ನಾಚ್ಗಿ ಆಯ್ತ್.”

ಅಕ್ಕ ಒಲೆಯಿಂದ ಹೊರಗೆ ಜಾರಿದ ಒಂದು ಸೀಳನ್ನು ಒಳಗೆ ದೂಡಿದಳು.

“ನಿಂಗ್ ಅದ್ ಗೊತ್ತಿಲ್ಲೆ ಅಂದೇಳಿ ನಂಗ್ ಗೊತ್ತಿತ್ತ್. ಅದನ್ನ ನಿಂಗ್ ಬರ್ದದ್ದಲ್ಲ. ಅಪ್ಪಯ್ಯಂಗ್ ಬರ್ದದ್ದ್.”

“ಮತ್ತ್ ನಂಗೆ?”

“ನಿಂಗೆ ಉಳ್ದದ್ದೆಲ್ಲ. ಬರೀತಾ ಇಪ್ಪತಿಗ್ ಒಂಚೂರ್ ನಮ್ ಕುದ್ರಿಗ್ ಹೋಯ್ ಬಂದಾಂಗ್ ಆಯ್ತ್ ಕಾಣ್.”

 ನಾನು ಗೋಡೆಯ ಸಂದಿನಲ್ಲಿ ಸಿಕ್ಕಿಸಿಟ್ಟಿದ್ದ ಮೊಳೆ ತೆಗೆದೆ. ಗೋಡೆಯ ಕೊನೆಯಲ್ಲಿ ಒಂದು ಉದ್ದ ಗೀಟು ಎಳೆದು, ನಡುವೆ ಮುರಿದು, ಅಡಿಯಲ್ಲಿ ಚುಕ್ಕೆ ಇಟ್ಟೆ. ಒತ್ತಿದ ಜೋರಿಗೆ ಒಂದು ಹೆಂಟೆ ಮಣ್ಣು ಕಳಚಿ ಬಿತ್ತು. ಅಕ್ಕ ಎದ್ದು ಬಂದು ಅದನ್ನು ನೋಡಿದಳು. ಅಷ್ಟರಲ್ಲಿ ಅಮ್ಮ ಸಟ್ಟುಗ ಹಿಡಿದುಕೊಂಡೇ ಬಚ್ಚಲ ಬಾಗಿಲಿಗೆ ಬಂದಳು.

“ಸುಶೀಲಾ, ಇನ್ನೊಂಚೂರ್ ಅನ್ನ ಇತ್ತ್ ಮಗಾ. ಹಾಕುದಾ?”

ಅಕ್ಕ ಅಮ್ಮನ ಕಡೆ ತಿರುಗಲಿಲ್ಲ. ನನ್ನ ಮುಖ ನೋಡಿ, ಬಂದಾಗಿನಿಂದ ಮೊದಲ ಸಲ ನಕ್ಕು, ನಾನು ಆಗಷ್ಟೇ ಗೀರಿದ ಗುರುತಿನ ಮೇಲೆ ಬೆರಳಿಟ್ಟಳು.